ಕ್ರಿಯಾಟಿನಿನ್ ನಾರ್ಮಲ್ ಇದ್ದರೂ ಮೂತ್ರ ಕೊಡಿ

"ಕಿಡ್ನಿ ಟೆಸ್ಟ್ ಆಗಿದೆ ಡಾಕ್ಟ್ರೇ, ನಾರ್ಮಲ್." ಶುಗರ್ ಇರುವವರು ಹೀಗೆ ಹೇಳಿ ಮುಂದಿಡುವ ಚೀಟಿಯಲ್ಲಿ ಇರುವುದು ರಕ್ತದ ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋಸಿ ಹೊರಹಾಕುವ ಕಸದ ಮಟ್ಟ, ಒಂದೇ. ಮೂತ್ರದ ಅಲ್ಬುಮಿನ್ ನೋಡಿಸಿ ಅಂದರೆ, "ಉರಿ ಇಲ್ಲ, ಊತ ಇಲ್ಲ, ಅದ್ಯಾಕೆ ಸುಮ್ನೆ?" ಅನ್ನುತ್ತಾರೆ. ಮಡಿಕೇರಿಯಲ್ಲಿ ಈ ಮಾತು ಕೇಳದ ವಾರವಿಲ್ಲ.

ರಕ್ತದ ಕ್ರಿಯಾಟಿನಿನ್ ತಡವಾಗಿ ಏರುತ್ತದೆ. ಕಿಡ್ನಿಯ ಅರ್ಧದಷ್ಟು ಶಕ್ತಿ ಹೋದ ಮೇಲೂ ಅದು ನಾರ್ಮಲ್ ಇರಬಹುದು. ಎಷ್ಟೋ ಜನರಲ್ಲಿ ಅದಕ್ಕೂ ಮೊದಲೇ ಅಲ್ಬುಮಿನ್ ಎಂಬ ಪ್ರೋಟೀನ್ ಮೂತ್ರಕ್ಕೆ ಸೋರತೊಡಗುತ್ತದೆ. ನಮ್ಮ ಕೊಡಗಿನ ಕಕ್ಕಡ ತಿಂಗಳ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ತಿಂದರೆ ಮೂತ್ರ ಕೆಂಪಾಗುತ್ತದೆ, ಮದ್ದು ಮೈಗೆ ಹತ್ತಿತು ಅನ್ನುತ್ತೇವೆ ಅಲ್ವಾ? ಅಲ್ಬುಮಿನ್ ಹಾಗೆ ಕಣ್ಣಿಗೆ ಕಾಣುವುದಿಲ್ಲ. ಪಟ್ಟಿ ಅದ್ದಿ ನೋಡುವ ಮಾಮೂಲಿ ಪರೀಕ್ಷೆಗೂ ಶುರುವಿನ ಸೋರಿಕೆ ಸಿಗದೇ ಹೋಗಬಹುದು.

ನೀವು ಕೇಳಬೇಕಾದದ್ದು ಎಸಿಆರ್. ಅಂದರೆ ಮೂತ್ರದಲ್ಲಿ ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಎಷ್ಟು ಮಿಲಿಗ್ರಾಂ ಅಲ್ಬುಮಿನ್ ಇದೆ ಎಂಬ ಲೆಕ್ಕ. ಇಲ್ಲಿ ಕ್ರಿಯಾಟಿನಿನ್ ಕೂಡ ಮೂತ್ರದ್ದೇ, ರಕ್ತದ್ದಲ್ಲ. ನೀರು ಜಾಸ್ತಿ ಕುಡಿದು ಮೂತ್ರ ತೆಳುವಾಗಿದ್ದರೂ ಲೆಕ್ಕ ತಪ್ಪದಿರಲಿ ಎಂದು ಅದನ್ನು ಅಳೆಯುತ್ತೇವೆ. ಹೆಸರು ಒಂದೇ ಆದ್ದರಿಂದ ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಎಸಿಆರ್ 30ರ ಒಳಗಿದ್ದರೆ ಸರಿ. 300 ದಾಟಿದರೆ ಸೋರಿಕೆ ತುಂಬಾ ಇದೆ.

ಹಾಗಂತ ಒಂದೇ ಚೀಟಿ ನೋಡಿ ಹೆದರಬೇಡಿ. ಕಾಫಿ ತೋಟದ ಲೆಕ್ಕ ಬರೆಯುವ ರೈಟರ್ ಒಬ್ಬರು 180 ಬಂದಿದೆ ಎಂದು ಮುಖ ಸಪ್ಪೆ ಮಾಡಿಕೊಂಡು ಬಂದರು. ಕಾಫಿ ಕೊಯ್ಲಿನ ಸಮಯ. ಹಿಂದಿನ ದಿನವೆಲ್ಲ ಗುಡ್ಡ ಹತ್ತಿ ಇಳಿದಿದ್ದರು, ಮೇಲೆ ಜ್ವರ. ದಣಿವು, ಜ್ವರ, ಮೂತ್ರದ ಸೋಂಕು ಇದ್ದಾಗ ಅಲ್ಬುಮಿನ್ ತಾತ್ಕಾಲಿಕವಾಗಿ ಏರಬಹುದು. ಅದಕ್ಕೇ ಮೂರರಿಂದ ಆರು ತಿಂಗಳೊಳಗೆ ಮೂರು ಸಲ ನೋಡಿ, ಎರಡರಲ್ಲಾದರೂ ಜಾಸ್ತಿ ಬಂದರೆ ಮಾತ್ರ ಕಾಯಿಲೆ ಅನ್ನುತ್ತೇವೆ. ಬೆಳಗಿನ ಮೊದಲ ಮೂತ್ರವಾದರೆ ಒಳ್ಳೆಯದು. ಅವರಿಗೆ ಆಮೇಲೂ 95, 110 ಬಂತು. ಬಿಪಿ ಮಾತ್ರೆ ಬದಲಾಯಿಸಿದೆ. ಸೊಂಟ ನೋವಿಗೆ ಅಂಗಡಿಯಿಂದ ತಾವೇ ತಂದು ನುಂಗುತ್ತಿದ್ದ ಮಾತ್ರೆ ಬಿಡಿಸಿದೆ, ಅದಕ್ಕೆ ದೊಡ್ಡ ಜಗಳವೇ ಆಯಿತು. ಈಗ 40ರ ಆಸುಪಾಸಿನಲ್ಲಿದೆ. ಎಲ್ಲರಿಗೂ ಹೀಗೇ ಇಳಿಯುತ್ತದೆ ಎಂದು ನಾನು ಹೇಳಲಾರೆ.

ಅಲ್ಬುಮಿನ್ ಸೋರದೆಯೂ ಕೆಲವರ ಕಿಡ್ನಿ ಸೋಲುವುದುಂಟು. ಹಾಗಾಗಿ ರಕ್ತ, ಮೂತ್ರ ಎರಡೂ ಬೇಕು, ವರ್ಷಕ್ಕೊಮ್ಮೆಯಾದರೂ.

ಮೊನ್ನೆ ಅದೇ ರೈಟರ್ ಹೆಂಡತಿಯನ್ನು ಕರೆತಂದಿದ್ದರು. ಆಕೆಗೆ ಶುಗರ್ ಇದೆಯೆಂದು ತಿಳಿದು ಒಂದು ವಾರವಷ್ಟೇ. "ಈಗಲೇ ಬೇಕಾ?" ಎಂದರು ಆಕೆ. ಟೈಪ್ ಎರಡು ಶುಗರ್ ಗೊತ್ತಾಗುವ ಹೊತ್ತಿಗೆ ಎಷ್ಟೋ ವರ್ಷ ಒಳಗೇ ಇದ್ದಿರಬಹುದು, ಅದಕ್ಕೇ ಮೊದಲ ದಿನವೇ ನೋಡುವುದು. ನಾನು ಹೇಳುವ ಮೊದಲೇ ರೈಟರ್ ಇದನ್ನೆಲ್ಲ ಆಕೆಗೆ ವಿವರಿಸಿ, ಲ್ಯಾಬ್‌ನಿಂದ ಡಬ್ಬಿ ತಂದಿದ್ದರು.