ವಿಂಡೋಸಿನಲ್ಲಿರುವ ಸುಮೋ, ಲಿನಕ್ಸಿನಲ್ಲಿರುವ ವೇನ್ಸ್: ಕೂಡಿ ಬರುತ್ತವೆಯೇ?

ಪ್ರಶ್ನೆ: ನನ್ನ ಲ್ಯಾಪ್‌ಟಾಪಿನ ವಿಂಡೋಸಿನಲ್ಲಿ ಸುಮೋ (ವಾಹನ ಸಂಚಾರವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ತಂತ್ರಾಂಶ) ಈಗಾಗಲೇ ಇದೆ. ಡಬ್ಲ್ಯುಎಸ್‌ಎಲ್ 2ರ (ವಿಂಡೋಸಿನೊಳಗೇ ಲಿನಕ್ಸ್ ಓಡಿಸುವ ಸೌಲಭ್ಯ) ಉಬುಂಟುವಿನಲ್ಲಿ ಓಮ್ನೆಟ್ ಪ್ಲಸ್ ಪ್ಲಸ್ ಮತ್ತು ವೇನ್ಸ್ ಹಾಕಿಕೊಂಡು, ಆ ಸುಮೋವನ್ನೇ ಬಳಸಬಹುದೇ?

ಉತ್ತರ: ಅಸಾಧ್ಯವೇನಲ್ಲ, ಆದರೆ ಆ ದಾರಿ ಹಿಡಿಯಬೇಡಿ, ಸುಮೋವನ್ನು ಉಬುಂಟುವಿನೊಳಗೆ ಇನ್ನೊಮ್ಮೆ ಹಾಕಿಕೊಳ್ಳಿ. ರಸ್ತೆಯ ಮೇಲೆ ವಾಹನಗಳನ್ನು ಓಡಿಸುವುದು ಸುಮೋ. ಅವುಗಳ ನಡುವಿನ ರೇಡಿಯೋ ಸಂದೇಶಗಳ ಲೆಕ್ಕ ನೋಡುವುದು ಓಮ್ನೆಟ್ ಎಂಬ ನೆಟ್‌ವರ್ಕ್ ಸಿಮ್ಯುಲೇಟರ್ ಮೇಲೆ ಕಟ್ಟಿರುವ ವೇನ್ಸ್. ಈ ಎರಡೂ ಕಡೆಯವು ಟ್ರಾಸಿ ಎಂಬ ಪ್ರೋಟೊಕಾಲ್ ಮೂಲಕ ಹೆಜ್ಜೆ ಹೆಜ್ಜೆಗೂ ಮಾತಾಡಿಕೊಳ್ಳುತ್ತಿರಬೇಕು. ಡಬ್ಲ್ಯುಎಸ್‌ಎಲ್ 2 ತನ್ನದೇ ನೆಟ್‌ವರ್ಕ್ ವಿಳಾಸವಿರುವ ವರ್ಚುವಲ್ ಯಂತ್ರವಾದ್ದರಿಂದ, ಮೂಲ ಸೆಟ್ಟಿಂಗ್‌ನಲ್ಲಿ ಅದರೊಳಗಿನ ಲೋಕಲ್‌ಹೋಸ್ಟ್ ಎಂದರೆ ಲಿನಕ್ಸೇ ಹೊರತು ವಿಂಡೋಸ್ ಅಲ್ಲ. ಹೀಗಾಗಿ ಸುಮೋಗಾಗಿ ವೇನ್ಸ್‌ನಿಂದ 9999ನೇ ಪೋರ್ಟಿಗೆ ಕರೆ ಹೋದರೂ ಆ ಕಡೆ ಓಗೊಡುವವರಿರುವುದಿಲ್ಲ. ವಿಂಡೋಸಿನ ವಿಳಾಸ ಹುಡುಕಿ, ಫೈರ್‌ವಾಲ್ ಸಡಿಲಿಸಿ ಇದನ್ನು ಸರಿಪಡಿಸಬಹುದಾದರೂ, ಅಷ್ಟು ಹೊತ್ತಿನಲ್ಲಿ ಸುಮೋವನ್ನು ಎರಡು ಸಲ ಹಾಕಿ ಮುಗಿಸಬಹುದು.

ಆವೃತ್ತಿಗಳ ಹೊಂದಾಣಿಕೆಯೇ ನಿಜವಾದ ತಲೆನೋವು. ಮೂರರದ್ದೂ ಹೊಚ್ಚ ಹೊಸ ಆವೃತ್ತಿ ತಂದರೆ ಒಳ್ಳೆಯದೆಂದು ಅನೇಕರು ಭಾವಿಸುತ್ತಾರೆ; ಹಾಗಲ್ಲ. ಮೊದಲು ವೇನ್ಸ್ ಆವೃತ್ತಿಯನ್ನು ಆರಿಸಿ, ಅದರ ದಾಖಲೆಯಲ್ಲಿ ಹೇಳಿರುವ ಓಮ್ನೆಟ್ ಮತ್ತು ಸುಮೋ ಆವೃತ್ತಿಗಳನ್ನೇ ತನ್ನಿ. ತನಗೆ ಗೊತ್ತಿಲ್ಲದ ಟ್ರಾಸಿ ಆವೃತ್ತಿ ಎದುರಾದರೆ ವೇನ್ಸ್ ಆರಂಭದಲ್ಲೇ ನಿಂತುಬಿಡುತ್ತದೆ.

ಫೈಲುಗಳೆಲ್ಲ ಉಬುಂಟುವಿನ ಹೋಮ್ ಫೋಲ್ಡರಿನಲ್ಲಿರಲಿ. ಸಿ ಡ್ರೈವಿನಲ್ಲಿಟ್ಟು ಕಂಪೈಲ್ ಮಾಡಿದರೆ ಪ್ರತಿ ಫೈಲೂ ಗಡಿ ದಾಟಿ ಬರಬೇಕಾಗಿ ಕೆಲಸ ಬಹಳ ನಿಧಾನವಾಗುತ್ತದೆ. ಡಬ್ಲ್ಯುಎಸ್‌ಎಲ್ ಈಗ ಸಾಮಾನ್ಯವಾಗಿ ಒಟ್ಟು ಮೆಮೊರಿಯ ಅರ್ಧದವರೆಗೆ ಮಾತ್ರ ಬಳಸಿಕೊಳ್ಳುತ್ತದೆ. ಆದ್ದರಿಂದ 8 ಜಿಬಿ ಯಂತ್ರದಲ್ಲಿ ಓಮ್ನೆಟ್ ಕಟ್ಟುವಾಗ ಎಲ್ಲ ಕೋರ್‌ಗಳನ್ನೂ ಒಟ್ಟಿಗೆ ದುಡಿಸಿದರೆ ಕಂಪೈಲರ್ ನಡುವೆಯೇ ಸತ್ತುಹೋಗಬಹುದು. ಎರಡು ಕೆಲಸಗಳಷ್ಟೇ ಏಕಕಾಲಕ್ಕೆ ನಡೆಯಲಿ. ವಿಂಡೋಸ್ 11ರಲ್ಲಿ ಲಿನಕ್ಸಿನ ಕಿಟಕಿಗಳು ಪ್ರತ್ಯೇಕ ಎಕ್ಸ್ ಸರ್ವರ್ (ಅವುಗಳನ್ನು ಪರದೆಗೆ ತರುವ ತಂತ್ರಾಂಶ) ಇಲ್ಲದೆಯೇ ತೆರೆದುಕೊಳ್ಳುತ್ತವೆ.

ಎಲ್ಲ ಮುಗಿದ ಮೇಲೆ ಒಂದು ಟರ್ಮಿನಲ್‌ನಲ್ಲಿ ವೇನ್ಸ್‌ನ ಲಾಂಚ್‌ಡಿಯನ್ನು ಓಡಲು ಬಿಟ್ಟು (ವೇನ್ಸ್ ಕೇಳಿದಾಗ ಸುಮೋವನ್ನು ಆರಂಭಿಸಿಕೊಡುವುದು ಇದೇ; ಹೊಸಬರು ಮರೆಯುವುದು ಇದನ್ನೇ), ವೇನ್ಸ್ ಜೊತೆಗೇ ಬರುವ ಜರ್ಮನಿಯ ಎರ್ಲಾಂಗನ್ ನಗರದ ಉದಾಹರಣೆಯನ್ನು ನಡೆಸಿ. 73ನೇ ಸೆಕೆಂಡಿಗೆ ಮೊದಲ ಕಾರು ಅಪಘಾತಕ್ಕೊಳಗಾದಂತೆ ನಿಂತು, ಸುದ್ದಿ ಹಿಂದಿನ ವಾಹನಗಳಿಗೆ ಹರಡತೊಡಗಿದರೆ ನಿಮ್ಮ ಜೋಡಣೆ ಸರಿಯಾಗಿದೆ.