ಕಂಪನಿಯ ಹಣಕಾಸು ವಿಶ್ಲೇಷಣೆಯ ಪ್ರಬಂಧಕ್ಕೆ ಅಂಕ ಕೊಡುವುದು ಹೇಗೆ: ನನ್ನ ಟಿಪ್ಪಣಿ

ಪದವಿ ವಿದ್ಯಾರ್ಥಿಗಳ ಪ್ರಬಂಧಗಳ ಮೌಲ್ಯಮಾಪನವನ್ನು ಈಗಷ್ಟೇ ಕಲಿಯುತ್ತಿದ್ದೇನೆ. ನನ್ನ ಹಾಗೇ ಹೊಸದಾಗಿ ಶುರು ಮಾಡಿದವರಿಗೆ ಅನುಕೂಲವಾಗಲಿ ಅಂತ ಬರೆದಿಟ್ಟಿದ್ದೇನೆ. ಭಾಷೆ, ಪುಟ ವಿನ್ಯಾಸ, ನಕಲು ತಪಾಸಣೆ ಎಲ್ಲ ವಿಷಯಕ್ಕೂ ಒಂದೇ ಥರ, ಅವನ್ನು ಇಲ್ಲಿ ಬಿಟ್ಟಿದ್ದೇನೆ.

ಮೊದಲು ಕೊನೆಯ ಅಧ್ಯಾಯ ಓದಿ

ಒಂದೊಂದು ತೀರ್ಮಾನದ ಪಕ್ಕದಲ್ಲೂ ಅದು ಯಾವ ಕೋಷ್ಟಕದಿಂದ ಬಂತು ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ‘ಕಂಪನಿಯ ಸ್ಥಿತಿ ತೃಪ್ತಿಕರವಾಗಿದೆ’ ಎಂಬ ಸಾಲಿಗೆ ಯಾವ ಕೋಷ್ಟಕವೂ ಸಿಗುವುದಿಲ್ಲ. ಅದನ್ನು ಯಾವ ಕಂಪನಿಗೆ ಬೇಕಾದರೂ ಅಂಟಿಸಬಹುದು. ಆಮೇಲೆ ಎರಡು ಮೂರು ಅಂಕಿಗಳನ್ನು ವಾರ್ಷಿಕ ವರದಿಯ ಜೊತೆ ತಾಳೆ ನೋಡಿ. ಲಾಭವನ್ನು ಇಡೀ ಸಮೂಹದ ಲೆಕ್ಕದಿಂದ, ಆಸ್ತಿಯನ್ನು ಮೂಲ ಕಂಪನಿಯ ಲೆಕ್ಕದಿಂದ ತೆಗೆದಿದ್ದರೆ, ಅಲ್ಲಿಂದ ಮುಂದಿನ ಅನುಪಾತಗಳೆಲ್ಲ ಕೆಟ್ಟ ಹಾಗೇ.

ಆರ್‌ಒಇ ಏರಿತು, ಸರಿ. ಏಕೆ ಏರಿತು?

ನನಗೆ ತುಂಬಾ ಹೊತ್ತು ಹಿಡಿದದ್ದು ಇದೇ, ಆದ್ದರಿಂದ ಬಿಡಿಸಿ ಬರೆಯುತ್ತೇನೆ. ಆರ್‌ಒಇ ಅಂದರೆ ಷೇರುದಾರರ ಬಂಡವಾಳದ ಮೇಲೆ ಬಂದ ಲಾಭದ ಪ್ರಮಾಣ. ಒಂದು ಉದಾಹರಣೆ ನೋಡಿ.

ಮೊದಲ ವರ್ಷ: ಮಾರಾಟ 100, ಲಾಭ 10, ಒಟ್ಟು ಆಸ್ತಿ 100, ಬಂಡವಾಳ 50. ಆರ್‌ಒಇ 20%.
ಎರಡನೇ ವರ್ಷ: ಮಾರಾಟ 100, ಲಾಭ 9, ಒಟ್ಟು ಆಸ್ತಿ 100, ಬಂಡವಾಳ 36. ಆರ್‌ಒಇ 25%.

ವಿದ್ಯಾರ್ಥಿ ಬರೆಯುವುದು: ‘ಲಾಭದಾಯಕತೆ ಸುಧಾರಿಸಿದೆ.’ ಭಾಗಾಕಾರ ಸರಿ ಇದೆ, ಮಾತು ಸರಿ ಇಲ್ಲ. ಡ್ಯುಪಾಂಟ್ ವಿಧಾನದಲ್ಲಿ ಆರ್‌ಒಇಯನ್ನು ಮೂರು ತುಂಡು ಮಾಡಿ:

ಆರ್‌ಒಇ = (ಲಾಭ ÷ ಮಾರಾಟ) × (ಮಾರಾಟ ÷ ಆಸ್ತಿ) × (ಆಸ್ತಿ ÷ ಬಂಡವಾಳ)

ಮೊದಲ ವರ್ಷ 10% × 1 × 2. ಎರಡನೇ ವರ್ಷ 9% × 1 × 2.78. ಲಾಭದ ಪ್ರಮಾಣ ಇಳಿದಿದೆ. ಆಸ್ತಿಯ ಬಳಕೆ ಇದ್ದ ಹಾಗೇ ಇದೆ. ಏರಿದ್ದು ಮೂರನೇ ತುಂಡು ಮಾತ್ರ, ಅಂದರೆ ಹೊರಗಿನ ಸಾಲ ಮತ್ತು ಹೊಣೆಗಳ ಪಾಲು. ಆಸ್ತಿ 100ರಲ್ಲಿ ಆ ಪಾಲು 50ರಿಂದ 64ಕ್ಕೆ ಹೋಗಿದೆ.

ಲಾಭ ಬಂದರೂ ಬಂಡವಾಳ ಇಳಿದದ್ದು ಹೇಗೆ? 50ಕ್ಕೆ 9 ಸೇರಿದರೆ 59 ಆಗಬೇಕಿತ್ತು, ಆದರೆ ಉಳಿದದ್ದು 36. ಬೇರೆ ಹೊಂದಾಣಿಕೆ ಇಲ್ಲದಿದ್ದರೆ 23 ಷೇರುದಾರರ ಕೈಗೆ ಹೋಗಿದೆ, ಡಿವಿಡೆಂಡ್ ಆಗಿಯೋ ಷೇರು ಮರುಖರೀದಿಯಾಗಿಯೋ. ಈ 23ನ್ನು ವಿದ್ಯಾರ್ಥಿ ತಾನೇ ಹುಡುಕಿ ಬರೆದಿದ್ದರೆ ನಾನು ಧಾರಾಳವಾಗಿ ಅಂಕ ಕೊಡುತ್ತೇನೆ. ವಿಶ್ಲೇಷಣೆ ಅಂದರೆ ಅದೇ ಅಲ್ವಾ?

ಇನ್ನೊಂದು ಗಂಟು ಇದೆ. ವರ್ಷದ ಕೊನೆಯ ಬಂಡವಾಳದ ಬದಲು ಆರಂಭ ಮತ್ತು ಕೊನೆಯ ಸರಾಸರಿ ಹಿಡಿದರೆ, 9ನ್ನು 43ರಿಂದ ಭಾಗಿಸಬೇಕು. ಆರ್‌ಒಇ ಸುಮಾರು 20.9%ಕ್ಕೆ ಇಳಿಯುತ್ತದೆ. ಎರಡು ಪದ್ಧತಿಯೂ ಬಳಕೆಯಲ್ಲಿವೆ, ಯಾವುದಕ್ಕೂ ಅಂಕ ಕಳೆಯಬೇಡಿ. ಆದರೆ ಯಾವುದನ್ನು ಬಳಸಿದ್ದೇನೆ ಅಂತ ಹೇಳದಿದ್ದರೆ, ಅಥವಾ ಒಂದು ವರ್ಷಕ್ಕೆ ಒಂದು, ಇನ್ನೊಂದಕ್ಕೆ ಇನ್ನೊಂದು ಬಳಸಿದ್ದರೆ ಖಂಡಿತ ಕಳೆಯಿರಿ.

ಕರೆಂಟ್ ರೇಶಿಯೋ 2 ಇರಲೇಬೇಕಾ?

ಕರೆಂಟ್ ರೇಶಿಯೋ ಅಂದರೆ ಚಾಲ್ತಿ ಆಸ್ತಿ (ವರ್ಷದೊಳಗೆ ನಗದಾಗುವಂಥದ್ದು) ÷ ಚಾಲ್ತಿ ಹೊಣೆ (ವರ್ಷದೊಳಗೆ ತೀರಿಸಬೇಕಾದದ್ದು). ‘ಆದರ್ಶ ಅನುಪಾತ 2:1’ ಅಂತ ಸುಮ್ನೆ ಬರೆದುಬಿಡುತ್ತಾರೆ. ಗಿರಾಕಿಯಿಂದ ಆಗಲೇ ನಗದು ಪಡೆದು, ಸರಕು ಕೊಟ್ಟವರಿಗೆ ತಡವಾಗಿ ಹಣ ಕೊಡುವ ಚಿಲ್ಲರೆ ಮಾರಾಟದ ಕಂಪನಿ 1ಕ್ಕಿಂತ ಕಡಿಮೆ ಇಟ್ಟುಕೊಂಡೂ ಚೆನ್ನಾಗಿ ನಡೆಯಬಹುದು. ಜೊತೆಗೆ, ಚಾಲ್ತಿ ಆಸ್ತಿ 150, ಚಾಲ್ತಿ ಹೊಣೆ 100 ಇರುವಾಗ ವರ್ಷದ ಕೊನೆಯ ದಿನ 50 ಬಾಕಿ ತೀರಿಸಿದರೆ ಅನುಪಾತ 1.5ರಿಂದ 2ಕ್ಕೆ ಏರುತ್ತದೆ. ವ್ಯಾಪಾರದಲ್ಲಿ ಏನೂ ಬದಲಾಗಿಲ್ಲ. ಅದೇ ಆಸ್ತಿ 80 ಇದ್ದರೆ, ಅಷ್ಟೇ ಬಾಕಿ ತೀರಿಸಿದಾಗ 0.8ರಿಂದ 0.6ಕ್ಕೆ ಇಳಿಯುತ್ತದೆ! ಹೋಲಿಕೆ ಅದೇ ಉದ್ಯಮದ ಕಂಪನಿಗಳ ಜೊತೆ ಇದೆಯಾ ಅಂತ ನೋಡಿ.

2019ರ ಜಿಗಿತ

ಐಎಫ್‌ಆರ್‌ಎಸ್ (ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡಗಳು) ಪಾಲಿಸುವ ಕಂಪನಿಯ ಹಲವು ವರ್ಷಗಳ ಅಂಕಿ ಇದ್ದರೆ 2019ನ್ನು ನಿಧಾನವಾಗಿ ಓದಿ. ಆ ವರ್ಷದ ಜನವರಿ 1ರಿಂದ ಐಎಫ್‌ಆರ್‌ಎಸ್ 16, ಅಂದರೆ ಲೀಸ್ (ಬಾಡಿಗೆ ಒಪ್ಪಂದ) ಕುರಿತ ಮಾನದಂಡ, ಜಾರಿಗೆ ಬಂತು. ಹೆಚ್ಚಿನ ಲೀಸ್‌ಗಳು ಬ್ಯಾಲೆನ್ಸ್ ಶೀಟ್‌ನೊಳಗೆ ಬಂದವು. ಅಂಗಡಿ, ವಿಮಾನ ಬಾಡಿಗೆಗೆ ಪಡೆಯುವ ಕಂಪನಿಗಳ ಹೊಣೆ ಒಮ್ಮೆಲೇ ಜಾಸ್ತಿ ಕಾಣುತ್ತದೆ. ಅದನ್ನು ‘ಕಂಪನಿ ಹೊಸ ಸಾಲ ಮಾಡಿತು’ ಅಂತ ಓದಿದ್ದರೆ ಕಾರಣವೇ ತಪ್ಪಿದ ಹಾಗೆ.

ಆಲ್ಟ್‌ಮನ್ ಝಡ್ ಸ್ಕೋರ್

ಕಂಪನಿ ದಿವಾಳಿಯಾಗುವ ಅಪಾಯವನ್ನು ಅಂದಾಜಿಸುವ ಸೂತ್ರ ಇದು. 1968ರ ಮೂಲ ಸೂತ್ರವನ್ನು ಕಟ್ಟಿದ್ದು ಷೇರುಪೇಟೆಯಲ್ಲಿದ್ದ ತಯಾರಿಕಾ ಕಂಪನಿಗಳ ಮೇಲೆ. 2.99ಕ್ಕಿಂತ ಮೇಲೆ ಸುರಕ್ಷಿತ, 1.81ಕ್ಕಿಂತ ಕೆಳಗೆ ಅಪಾಯ, ನಡುವೆ ಮಬ್ಬು. ಬ್ಯಾಂಕಿಗೆ ಇದನ್ನು ಹಾಕಿದ್ದರೆ, ಬಂದ ಅಂಕಿಯನ್ನು ಚರ್ಚಿಸುವ ಅಗತ್ಯವೇ ಇಲ್ಲ. ಸೂತ್ರದ ಆಯ್ಕೆಯ ಬಗ್ಗೆಯೇ ಷರಾ ಬರೆಯಿರಿ.

ಮೌಖಿಕ ಪರೀಕ್ಷೆಗೆ ನಾನು ಇಟ್ಟುಕೊಂಡಿರುವ ಪ್ರಶ್ನೆ ಒಂದೇ: ‘ಲಾಭ ಏರಿದ ವರ್ಷ ವ್ಯವಹಾರದಿಂದ ಬಂದ ನಗದು ಏಕೆ ಇಳಿಯಿತು?’ ಬಾಕಿ ವಸೂಲಿ ನಿಧಾನವಾಯಿತೋ, ದಾಸ್ತಾನು ಬೆಳೆಯಿತೋ, ತನ್ನದೇ ಕೋಷ್ಟಕ ತೆರೆದು ತೋರಿಸುವ ವಿದ್ಯಾರ್ಥಿಗೆ ಬರಹದಲ್ಲಿ ಕಳೆದ ಅಂಕವನ್ನು ಅಲ್ಲಿ ತುಂಬಿಕೊಡಬಹುದು.