ನೆಲ್ಲಿ ಗಿಡ ತರುವುದಾದರೆ ಎರಡು ತಳಿ ತನ್ನಿ

‘ಮರ ಎರಡಾಳೆತ್ತರ ಬೆಳೆದಿದೆ, ಹೂವೂ ಬಿಡುತ್ತದೆ, ಕಾಯಿ ಮಾತ್ರ ನಿಲ್ಲುವುದಿಲ್ಲ. ಯಾವ ಗೊಬ್ಬರ ಹಾಕಲಿ?’ ಬೆಟ್ಟದ ನೆಲ್ಲಿ ಬೆಳೆಸಿದವರು ಪದೇ ಪದೇ ಕೇಳುವ ಪ್ರಶ್ನೆ ಇದು. ಗೊಬ್ಬರದ ಮಾತು ಆಮೇಲೆ. ಅದು ಯಾವ ತಳಿ, ಅಕ್ಕಪಕ್ಕದಲ್ಲಿ ಇನ್ನೊಂದು ನೆಲ್ಲಿ ಮರ ಇದೆಯೇ ಎಂಬುದು ನನಗೆ ಮೊದಲು ಗೊತ್ತಾಗಬೇಕು.

ನೆಲ್ಲಿಯಲ್ಲಿ ಗಂಡು ಹೂ, ಹೆಣ್ಣು ಹೂ ಒಂದೇ ಮರದಲ್ಲಿ ಬೇರೆ ಬೇರೆಯಾಗಿ ಬರುತ್ತವೆ. ಗಂಡು ಹೂವೇ ಹೆಚ್ಚು, ಹೆಣ್ಣು ಹೂ ಅಲ್ಲೊಂದು ಇಲ್ಲೊಂದು. ಮೇಲಾಗಿ, ತನ್ನದೇ ಪರಾಗದಿಂದ ಇದು ಸರಿಯಾಗಿ ಕಾಯಿ ಕಚ್ಚುವುದಿಲ್ಲ. ಹಾಗಾಗಿ ಎರಡು ಬೇರೆ ತಳಿ ಬೇಕು. ಒಂದೇ ತಳಿಯ ಎರಡು ಕಸಿ ಗಿಡ ತಂದರೆ ಪ್ರಯೋಜನವಿಲ್ಲ, ಎರಡೂ ಒಂದೇ ತಾಯಿ ಮರದ ಅಂಶ.

ಮನೆಗೆ ನನ್ನ ಆಯ್ಕೆ ಎನ್‌ಎ-7 ಮತ್ತು ಕೃಷ್ಣ. ಎರಡೂ ಅಯೋಧ್ಯೆ ಬಳಿಯ ಕುಮಾರಗಂಜ್ ಕೃಷಿ ವಿಶ್ವವಿದ್ಯಾಲಯದಿಂದ ಬಂದವು. ಎನ್‌ಎ-7 ಬೇಗ ಫಸಲಿಗೆ ಬರುತ್ತದೆ, ಆದರೆ ಕಾಯಿಯ ಭಾರಕ್ಕೆ ಕೊಂಬೆ ಮುರಿಯುವುದುಂಟು, ಊರೆ ಕೊಡಬೇಕು. ಉಪ್ಪಿನಕಾಯಿಗೆ ಸಣ್ಣ ಕಾಯಿ ಬೇಕೆನ್ನುವವರು ಕೃಷ್ಣದ ಬದಲು ಕಾಂಚನ್ ಹಾಕಬಹುದು. ಚಕೈಯಾ ತಳಿಯಲ್ಲಿ ನಾರು ಹೆಚ್ಚು. ಫ್ರಾನ್ಸಿಸ್ ಕಾಯಿ ಒಳಗೆ ಕಂದುಗಟ್ಟುತ್ತದೆ, ಮನೆಗೆ ಬೇಡ.

ಎಲೆ ನೋಡಿ ತಳಿ ಹೇಳುವುದು ಕಷ್ಟ. ಆದ್ದರಿಂದ ಎಲ್ಲಿಂದ ತರುತ್ತೀರಿ ಎಂಬುದೇ ಮುಖ್ಯ. ತೋಟಗಾರಿಕೆ ಇಲಾಖೆಯ ಸಸ್ಯಕ್ಷೇತ್ರ, ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯಗಳಲ್ಲಿ ಮೊದಲು ವಿಚಾರಿಸಿ. ಖಾಸಗಿ ನರ್ಸರಿಯಾದರೆ ತಾಯಿ ಮರ ತೋರಿಸಿ ಎಂದು ಕೇಳಲು ಸಂಕೋಚ ಬೇಡ.

ಗಿಡವನ್ನು ಕೈಗೆತ್ತಿಕೊಂಡು ಬುಡದಿಂದ ಮೇಲಕ್ಕೆ ನೋಡಿ. ಮಣ್ಣಿನಿಂದ ಒಂದು ಗೇಣಿನೊಳಗೆ ಕಸಿಯ ಗಂಟು ಕಾಣಬೇಕು. ಮೇಲಿನ, ಕೆಳಗಿನ ಕಾಂಡದ ದಪ್ಪ ಹೆಚ್ಚುಕಡಿಮೆ ಸಮನಿರಬೇಕು. ಬುಡದಿಂದ ತುದಿವರೆಗೆ ಎಲ್ಲೂ ಗುರುತಿಲ್ಲದೆ ನೇರ ಹೋಗಿದ್ದರೆ ಅದು ಬೀಜದ ಗಿಡ. ಕಸಿ ಗಿಡ ಮೂರ್ನಾಲ್ಕು ವರ್ಷಕ್ಕೆ ಕಾಯಿ ಬಿಟ್ಟರೆ, ಬೀಜದ್ದಕ್ಕೆ ಅದರ ಎರಡರಷ್ಟು ಕಾಯಬೇಕು. ಗಂಟಿನ ಕೆಳಗಿನ ಚಿಗುರೇ ಹುಲುಸಾಗಿದ್ದರೆ ಆ ಗಿಡ ಬಿಡಿ, ಅದು ನಿಮಗೆ ಬೇಕಾದ ತಳಿಯದ್ದಲ್ಲ, ಕಸಿಗೆ ಬಳಸಿದ ಬುಡದ ಗಿಡದ್ದು. ಎಷ್ಟೋ ಜನ ಅದರ ಹಸಿರಿಗೇ ಮರುಳಾಗಿ ತಂದುಬಿಡುತ್ತಾರೆ. ಕವರಿನ ತಳದಲ್ಲಿ ಬೇರು ಸುತ್ತಿಕೊಂಡಿದ್ದರೂ ಬೇಡ. ಚಳಿಗಾಲದಲ್ಲಿ ನೆಲ್ಲಿ ಎಲೆ ಉದುರಿಸುತ್ತದೆ. ಬೋಳಾಗಿದೆಯೆಂದು ಸತ್ತಿದೆ ಎನ್ನಬೇಡಿ. ಉಗುರಿನಿಂದ ಗಂಟಿನ ಮೇಲೆ ತೊಗಟೆ ಕೆರೆದಾಗ ಹಸಿರು ಕಂಡರೆ ಜೀವವಿದೆ. ಆದರೂ ಜೂನ್-ಜುಲೈನಲ್ಲಿ ತಂದು ನೆಡುವುದೇ ಒಳ್ಳೆಯದು.

ಮರಕ್ಕೆ ಸುತ್ತ ಇಪ್ಪತ್ತು ಅಡಿಯಾದರೂ ಜಾಗ ಬೇಕು. ಮೂವತ್ತು-ನಲವತ್ತರ ಸೈಟಿನಲ್ಲಿ ಎರಡು ಮರ ಹಿಡಿಸುವುದಿಲ್ಲ. ಅಂಥವರು ಎನ್‌ಎ-7 ಒಂದನ್ನೇ ನೆಟ್ಟು, ಕವಲೊಡೆದ ಮೇಲೆ ಒಂದು ಕೊಂಬೆಗೆ ಕೃಷ್ಣದ ಕಣ್ಣು, ಅಂದರೆ ಚಿಗುರುವ ಮೊಗ್ಗು, ಕಸಿ ಮಾಡಿಸಿ. ಆ ಕೊಂಬೆಗೆ ಬಣ್ಣದ ದಾರ ಕಟ್ಟಿಡಿ. ತುಳಸಿ ಹಬ್ಬಕ್ಕೆ ನೆಲ್ಲಿ ಟೊಂಗೆ ಮುರಿಯುವವರು ಅದನ್ನು ಬಿಟ್ಟು ಬೇರೆ ಕಡೆ ಮುರಿಯಲಿ.